ಸ್ವಂತ ವಾಕ್ಯ

ಪಕ್ಕದ ಮನೆಯ ಹುಡುಗಿ ಸಂಜೆ ಹೊತ್ತು ನಮ್ಮ ಮನೆಗೆ ಹೋಂವರ್ಕ್ ಬರೆಯಲು ಬರುತ್ತಾಳೆ. ಅವಳ ತಾಯಿ ಕೆಲಸ ಮುಗಿಸಿ ಬರುವುದು ಏಳು ಗಂಟೆಗೆ. ಅಲ್ಲಿಯವರೆಗೆ ನಾನೇ ಅವಳಿಗೆ ಅಜ್ಜಿ, ನಾನೇ ಟೀಚರು, ನಾನೇ ಕಾವಲು. ಮೊನ್ನೆ ಇಂಗ್ಲಿಷ್ ನೋಟ್‌ಬುಕ್ ತೆರೆದು ಕೂತಿದ್ದಳು. ಹತ್ತು ಪದಗಳನ್ನು ಕೊಟ್ಟು, ಪ್ರತಿಯೊಂದಕ್ಕೂ ಸ್ವಂತವಾಗಿ ಒಂದೊಂದು ವಾಕ್ಯ ಮಾಡಿಕೊಂಡು ಬರಲು ಟೀಚರು ಹೇಳಿದ್ದರು. ನಮ್ಮ ಕಾಲದ ಕನ್ನಡ ಪಾಠಗಳ ಕೊನೆಯಲ್ಲೂ ಇದು ಇರುತ್ತಿತ್ತಲ್ಲ, ‘ಈ ಕೆಳಗಿನ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ’ ಎಂದು. ಅದೇ.

ಹುಡುಗಿ ಐದೇ ನಿಮಿಷದಲ್ಲಿ ಮುಗಿಸಿಬಿಟ್ಟಳು. ನೋಡಿದರೆ ಹತ್ತೂ ವಾಕ್ಯಗಳು ಅವಳ ಅಜ್ಜಿಯ ಮೇಲೆಯೇ. ಮೈ ಗ್ರ್ಯಾಂಡ್‌ಮದರ್ ಈಸ್ ಜೆನರಸ್. ಮೈ ಗ್ರ್ಯಾಂಡ್‌ಮದರ್ ಈಸ್ ಡಿಲಿಜೆಂಟ್. ಮೈ ಗ್ರ್ಯಾಂಡ್‌ಮದರ್ ಈಸ್ ಸ್ಟಬರ್ನ್. ಹೀಗೆ ಆ ಮುದುಕಿಯ ಮೇಲೆ ಹತ್ತು ಗುಣಗಳನ್ನು ಹೇರಿಯಾಗಿತ್ತು.

“ನಿಮ್ಮಜ್ಜಿ ಅಷ್ಟೊಂದು ಉದಾರಿಗಳೇನೇ?” ಎಂದು ಕೇಳಿದೆ.

“ಇಲ್ಲಪ್ಪ! ನಮ್ಮಜ್ಜಿ ಚಕ್ಕುಲೀನೂ ಎಣಿಸಿ ಡಬ್ಬಕ್ಕೆ ಹಾಕ್ತಾರೆ.”

“ಮತ್ತೆ ಹೀಗೆ ಬರೆದಿದೀಯಲ್ಲ?”

ಅವಳು ನನ್ನನ್ನು ಏನೂ ತಿಳಿಯದವಳನ್ನು ನೋಡುವ ಹಾಗೆ ನೋಡಿ, “ಸೆಂಟೆನ್ಸ್ ಸರಿ ಇದ್ರೆ ಸಾಕು ಅಜ್ಜಿ. ನಿಜ ಇರ್ಬೇಕು ಅಂತೇನಿಲ್ಲ” ಅಂದಳು.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ವ್ಯಾಕರಣ ಸರಿಯಿದ್ದರೆ ಟೀಚರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕುತ್ತಾರೆ. ಅಜ್ಜಿಯ ಚಕ್ಕುಲಿ ಡಬ್ಬವನ್ನು ಯಾರೂ ಬಂದು ಪರೀಕ್ಷೆ ಮಾಡುವುದಿಲ್ಲ. ಆದರೂ ಆ ಮಾತು ಅಂದು ರಾತ್ರಿ ನನ್ನ ನಿದ್ದೆ ಕೆಡಿಸಿತು. ಒಂದು ಪದ ನಮ್ಮದಾಗುವುದು ಯಾವಾಗ? ಅದರ ಅರ್ಥ ಗೊತ್ತಾದಾಗಲೋ? ಅದನ್ನು ತಪ್ಪಿಲ್ಲದೆ ವಾಕ್ಯದೊಳಗೆ ಕೂರಿಸಿದಾಗಲೋ? ಅಥವಾ ಆ ವಾಕ್ಯಕ್ಕೆ ನಾವು ಜವಾಬ್ದಾರರಾದಾಗಲೋ? ಈ ಪ್ರಶ್ನೆಗೆ ನಾನು ಎರಡು ಸಲ ಬೆಲೆ ಕೊಟ್ಟಿದ್ದೇನೆ. ಒಮ್ಮೆ ಪದ ಗೊತ್ತಿಲ್ಲದೆ, ಇನ್ನೊಮ್ಮೆ ಗೊತ್ತಿದೆಯೆಂದುಕೊಂಡು.

ಮೊದಲನೆಯದು 1986ರ ಮಾತು. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಆಗ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಅಕ್ಷರ ಕಲಿಸುತ್ತಿದ್ದುದೇ ಐದನೆಯ ತರಗತಿಯಿಂದ. ಒಂದನೆಯ ತರಗತಿಯಿಂದಲೇ ಅದನ್ನು ಒಂದು ಭಾಷೆಯಾಗಿ ಕಲಿಸಲು ಶುರುಮಾಡಿದ್ದು 2007ರಲ್ಲಿ. ಬಿ.ಎ.ವರೆಗೂ ಹೇಗೋ ದಾಟಿದೆನಾದರೂ ಇಂಗ್ಲಿಷ್ ನನ್ನ ಪಾಲಿಗೆ ಪರೀಕ್ಷೆಯ ಹಿಂದಿನ ದಿನದ ಜ್ವರವಾಗಿಯೇ ಉಳಿಯಿತು. ಮಗಳಿಗೆ ಹಾಗಾಗುವುದು ಬೇಡವೆಂದು ಅವಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದೆವು. ಅವಳು ಮೂರನೆಯ ತರಗತಿಯಲ್ಲಿದ್ದಾಗ ಅವಳ ಟೀಚರು ನನ್ನನ್ನು ಕರೆಸಿ, ಮುಗುಳ್ನಗುತ್ತಲೇ, “ಯುವರ್ ಡಾಟರ್ ಈಸ್ ವೆರಿ ಡಿಫಿಡೆಂಟ್” ಎಂದರು. ನನ್ನ ಕಿವಿಗೆ ಬಿದ್ದದ್ದು ‘ಡಿಫರೆಂಟ್’. ಆ ಮೇಲೆ ಅವರು ಇನ್ನೂ ನಾಲ್ಕು ಮಾತು ಆಡಿದರು. ನಾನು ಎಲ್ಲಕ್ಕೂ “ಎಸ್ ಮಿಸ್, ಎಸ್ ಮಿಸ್” ಎಂದು ತಲೆಯಾಡಿಸಿದೆ.

ದಾರಿಯುದ್ದಕ್ಕೂ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಮ್ಮ ಹುಡುಗಿ ಉಳಿದವರ ಹಾಗಲ್ಲವಂತೆ, ಬೇರೆಯೇ ಅಂತೆ! ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಅವತ್ತು ಕೇಸರಿಬಾತು ಮಾಡಿದರು. ಸಂಜೆ ಇವರು ಬ್ಯಾಂಕಿನಿಂದ ಬಂದ ಮೇಲೆ ಇವರಿಗೂ ಹೇಳಿದ್ದಾಯಿತು. ಮಗಳು ಮಾತ್ರ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

ನಾಲ್ಕು ತಿಂಗಳ ಮೇಲೆ ಪ್ರಗತಿಪತ್ರದಲ್ಲಿ ಅದೇ ಪದ ಬರಹದಲ್ಲಿ ಬಂತು. ಕಾಗುಣಿತ ನೋಡಿದಾಗ ಇದು ನಾನು ತಿಳಿದ ಪದ ಅಲ್ಲವೆಂದು ಅನುಮಾನವಾಗಿ ಇವರ ಹಳೆಯ ಡಿಕ್ಷನರಿ ತೆಗೆದೆ. ಡಿಫಿಡೆಂಟ್ ಎಂದರೆ ತನ್ನಲ್ಲಿ ತನಗೇ ನಂಬಿಕೆಯಿಲ್ಲದ, ಅಳುಕುವ. ಮಗಳನ್ನು ಹತ್ತಿರ ಕೂರಿಸಿಕೊಂಡು ಕೇಳಿದೆ. ತರಗತಿಯಲ್ಲಿ ಇಂಗ್ಲಿಷ್ ಮಾತಾಡುವಾಗ ಅವಳು ತಡವರಿಸುತ್ತಾಳೆಂದು ಉಳಿದ ಮಕ್ಕಳು ನಗುತ್ತಿದ್ದರಂತೆ. ಬಾತ್‌ರೂಮಿಗೆ ಹೋಗಬೇಕೆಂದು ಕೇಳಲೂ ಹೆದರಿ, ನಡುಹಗಲು ನೀರು ಕುಡಿಯುವುದನ್ನೇ ಬಿಟ್ಟಿದ್ದಳಂತೆ. ಎಂಟು ವರ್ಷದ ಮಗು! ಟೀಚರು ನನಗೆ ಹೇಳಲು ಹೊರಟಿದ್ದು ಅದನ್ನು. ನಾನು ಅದಕ್ಕೆ ಕೇಸರಿಬಾತು ಮಾಡಿಸಿದ್ದೆ.

ಈ ಕತೆಯನ್ನು ನಾನು ನಗುತ್ತಾ ಹೇಳುತ್ತಾ ಬಂದಿದ್ದೇನೆ. ಕೇಳಿದವರೂ ನಗುತ್ತಾರೆ. ಆದರೆ ಒಳಗೊಳಗೆ ನನಗೆ ಗೊತ್ತು, ತಪ್ಪು ಆ ಪದ ಗೊತ್ತಿಲ್ಲದ್ದರಲ್ಲಿ ಇರಲಿಲ್ಲ. ಗೊತ್ತಿಲ್ಲದ ಪದ ಯಾರ ಬಾಳಿನಲ್ಲೂ ಇದ್ದೇ ಇರುತ್ತದೆ. “ಅದರ ಅರ್ಥವೇನು ಮಿಸ್?” ಎಂದು ಕನ್ನಡದಲ್ಲೇ ಕೇಳಿದ್ದರೆ ಅವರು ಹೇಳುತ್ತಿದ್ದರು. ಆದರೆ ನಾನು ತಲೆಯಾಡಿಸಿದೆ. ನನ್ನ ಮಾನ ಉಳಿಯಲೆಂದು ತಲೆಯಾಡಿಸಿ ಮಗುವನ್ನು ನಾಲ್ಕು ತಿಂಗಳು ಒಂಟಿಯಾಗಿ ಬಿಟ್ಟೆ. ನಮ್ಮಲ್ಲಿ ಎಷ್ಟು ಜನ ತಾಯಂದಿರು ಹೀಗೆ ತಲೆಯಾಡಿಸಿಲ್ಲ ಹೇಳಿ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಮಕ್ಕಳ ಶಾಲೆಯಲ್ಲಿ, ಈಗೀಗ ಅಳಿಯ ಸೊಸೆಯರ ನಡುವೆ ಕೂಡ.

ಅಂದಿನಿಂದ ನನಗೆ ಹಟ ಬಂತು. ಇನ್ನೂರು ಪುಟದ ನೋಟ್‌ಬುಕ್ ತಂದು ಅದರ ಮೊದಲ ಪುಟದಲ್ಲಿ ‘ಡಿಫಿಡೆಂಟ್’ ಎಂದು ಬರೆದೆ. ದಿನಕ್ಕೆ ಐದು ಪದ ಎಂದು ಲೆಕ್ಕ. ಇವರ ಸಹೋದ್ಯೋಗಿಯೊಬ್ಬರ ಮನೆಯಿಂದ ರೀಡರ್ಸ್ ಡೈಜೆಸ್ಟಿನ ಹಳೆಯ ಸಂಚಿಕೆಗಳು ಬಂದವು. ಪದಸಂಪತ್ತು ಹೆಚ್ಚಿಸಿಕೊಳ್ಳುವ ಒಂದು ಪುಟ ಅದರಲ್ಲಿ ಇರುತ್ತಿತ್ತು. ನಿಘಂಟು ಪ್ರಕಾಶಕ ವಿಲ್ಫ್ರೆಡ್ ಫಂಕ್ 1945ರಲ್ಲಿ ಆರಂಭಿಸಿದ ಅಂಕಣ ಅದು. ಒಂದು ಪದಕ್ಕೆ ನಾಲ್ಕು ಅರ್ಥ ಕೊಟ್ಟು ಸರಿಯಾದುದನ್ನು ಆರಿಸಿ ಎನ್ನುತ್ತಿದ್ದರು. ಆಮೇಲೆ ನಾರ್ಮನ್ ಲೂಯಿಸ್ 1949ರಲ್ಲಿ ಬರೆದ ‘ವರ್ಡ್ ಪವರ್ ಮೇಡ್ ಈಸಿ’ ಸಿಕ್ಕಿತು. ನಮ್ಮೂರಿನ ಫುಟ್‌ಪಾತಿನಲ್ಲಿ ಕೂಡ ಮಾರಾಟವಾಗುತ್ತಿದ್ದ ಪುಸ್ತಕ. ಪದಗಳನ್ನು ಅವುಗಳ ಲ್ಯಾಟಿನ್, ಗ್ರೀಕ್ ಬೇರುಗಳ ಮೂಲಕ ಕಲಿಸುವುದು ಅದರ ವಿಧಾನ. ಹೆಂಗಸರನ್ನು ದ್ವೇಷಿಸುವವನಿಗೆ ಮಿಸಾಜಿನಿಸ್ಟ್ ಎಂದೂ ಮದುವೆಯನ್ನು ದ್ವೇಷಿಸುವವನಿಗೆ ಮಿಸಾಗಮಿಸ್ಟ್ ಎಂದೂ ಬೇರೆ ಬೇರೆ ಪದಗಳಿವೆಯೆಂದು ತಿಳಿದಾಗ, ಎರಡನೆಯವನು ಎಷ್ಟೋ ವಾಸಿ ಅನಿಸಿ ಒಲೆಯ ಮುಂದೆ ಒಬ್ಬಳೇ ನಕ್ಕಿದ್ದೆ.

ಬೇರು ಹಿಡಿದು ಹೊರಟರೆ ಇಂಗ್ಲಿಷ್ ಪದಗಳು ಪರಕೀಯವೆನಿಸುವುದಿಲ್ಲ. ‘ಮ್ಯಾಗ್ನಾನಿಮಸ್’ ಎಂಬುದನ್ನು ಒಡೆದು ನೋಡಿದರೆ ‘ದೊಡ್ಡ ಆತ್ಮ’ ಎಂಬ ಅರ್ಥ. ಅಂದರೆ ನಮ್ಮ ಮಹಾತ್ಮನೇ ಅಲ್ಲಿ ಬೇರೆ ಬಟ್ಟೆ ತೊಟ್ಟು ನಿಂತಿದ್ದಾನೆ. ‘ಪ್ರೊಕ್ರಾಸ್ಟಿನೇಟ್’ ಎಂಬ ನಾಲಿಗೆ ತಿರುಚುವ ಪದದ ಹೊಟ್ಟೆಯಲ್ಲಿರುವುದು ‘ಕ್ರಾಸ್’, ಲ್ಯಾಟಿನ್ನಿನಲ್ಲಿ ‘ನಾಳೆ’. ಕೆಲಸವನ್ನು ನಾಳೆಗೆ ತಳ್ಳುವುದು. 1990ರ ದಶಕದಲ್ಲಿ ದೆವ್ವಕ್ಕೆ ಹೆದರಿ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರಲ್ಲ, ಆ ದೆವ್ವ ದಿನವೂ ಓದಿಕೊಂಡು ಹಿಂದಿರುಗುತ್ತಿದ್ದುದು ಇದೇ ಪದವನ್ನು. ‘ಮೆಟಿಕ್ಯುಲಸ್’ ಎಂದರೆ ಅಚ್ಚುಕಟ್ಟು, ಚಿಕ್ಕದನ್ನೂ ಬಿಡದೆ ಗಮನಿಸುವುದು. ಆದರೆ ಅದರ ಬೇರು ‘ಮೆಟುಸ್’, ಅಂದರೆ ಭಯ. ಮೊದಲಿಗೆ ಆ ಪದಕ್ಕೆ ಅಂಜುಬುರುಕ ಎಂದೇ ಅರ್ಥವಿತ್ತಂತೆ. ಇದನ್ನು ಓದಿದಾಗ ನನಗೆ ನಗು ಬರಲಿಲ್ಲ. ಹೊಸ ಸೊಸೆಯಾಗಿ ಬಂದ ಮೊದಲ ವರ್ಷ ಸಾಸಿವೆ ಡಬ್ಬದ ಮುಚ್ಚಳವನ್ನೂ ಒರೆಸಿ ಇಡುತ್ತಿದ್ದ ನನ್ನ ಅಚ್ಚುಕಟ್ಟುತನದ ಬೇರು ಯಾವುದೆಂದು ರೋಮನ್ನರಿಗೆ ಹೇಗೆ ಗೊತ್ತಾಯಿತು ಎಂದು ಬೆರಗಾಯಿತು.

ಹೀಗೆ ಐದಾರು ವರ್ಷಗಳಲ್ಲಿ ಎರಡು ನೋಟ್‌ಬುಕ್ ತುಂಬಿದವು. ಮಗಳ ಶಾಲೆಯ ಸಭೆಗಳಲ್ಲಿ ನಾನೀಗ ತಲೆಯಾಡಿಸುತ್ತಿರಲಿಲ್ಲ, ಮಾತಾಡುತ್ತಿದ್ದೆ. ಮಹಿಳಾ ಸಮಾಜದಲ್ಲಿ ನನ್ನನ್ನು ಕಾರ್ಯದರ್ಶಿ ಮಾಡಿದರು. ಇಲ್ಲಿಂದ ಎರಡನೆಯ ಕತೆ.

1994ರ ದೀಪಾವಳಿಗೆ ಸಮಾಜದ ವತಿಯಿಂದ ಚಕ್ಕುಲಿ, ಕೋಡುಬಳೆ, ರವೆ ಉಂಡೆ ಮಾಡಿ ಮಾರಿದೆವು. ಖಜಾಂಚಿಯಾಗಿದ್ದವರು ಮನೆಯಲ್ಲೇ ಹಪ್ಪಳ ಸಂಡಿಗೆ ಮಾಡಿ ಮಾರಿ ಸಂಸಾರ ನಡೆಸುತ್ತಿದ್ದ ಒಬ್ಬಾಕೆ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ದಿನದ ಮಾರಾಟವನ್ನು ಚೀಟಿಗಳಲ್ಲಿ ಗುರುತು ಹಾಕಿ ಕೊಡುತ್ತಿದ್ದರು, ನಾನು ಪುಸ್ತಕಕ್ಕೆ ಏರಿಸುತ್ತಿದ್ದೆ. ಕೊನೆಗೆ ಕೂಡಿ ನೋಡಿದರೆ ಪುಸ್ತಕದ ಲೆಕ್ಕಕ್ಕಿಂತ ಪೆಟ್ಟಿಗೆಯಲ್ಲಿ 360 ರೂಪಾಯಿ ಕಡಿಮೆ. ಅವರಿಗೆ ಹೇಳಿದೆ. “ನಾನು ಕೊಟ್ಟಿದ್ದು ಅಷ್ಟೇ ಅಕ್ಕ, ಬಂದದ್ದೂ ಅಷ್ಟೇ” ಅಂದರು.

ಆಡಿಟರಿಗೆ ಒಂದು ವರದಿ ಕೊಡಬೇಕಿತ್ತು. ಕನ್ನಡದಲ್ಲಿ ಬರೆದಿದ್ದರೆ ಅವರೇನೂ ಬೇಡವೆನ್ನುತ್ತಿರಲಿಲ್ಲ. ಆದರೆ ನಾನು ಇಂಗ್ಲಿಷಿನಲ್ಲೇ ಬರೆಯುತ್ತೇನೆಂದು ಕೂತೆ. ಹಣ ಕಡಿಮೆ ಬಂದಿದೆಯೆಂದು ಹೇಳಲು ‘ಷಾರ್ಟೇಜ್’ ಸಾಕಿತ್ತು. ಅದು ದಿನಸಿ ಅಂಗಡಿಯವರೂ ಆಡುವ ಪದ, ನನ್ನಂಥವಳು ಬರೆಯುವುದೇ ಎನಿಸಿತು. ಆ ವಾರ ‘ಮಿಸ್‌ಅಪ್ರೋಪ್ರಿಯೇಷನ್’ ಎಂಬ ಪದವನ್ನು ಎಲ್ಲೋ ಕಂಡಿದ್ದೆ. ಬೇರು ಬಿಡಿಸಿ ನೋಡುವ ಚಟ ಇತ್ತಲ್ಲ, ಬಿಡಿಸಿದೆ. ‘ಮಿಸ್’ ಎಂದರೆ ತಪ್ಪು. ‘ಅಪ್ರೋಪ್ರಿಯೇಟ್’ ಎಂದರೆ ತಕ್ಕುದು. ಒಟ್ಟಿನಲ್ಲಿ ಲೆಕ್ಕ ತಕ್ಕಂತೆ ಕೂರಲಿಲ್ಲ ಎಂದಾಯಿತು. ‘ಖಜಾಂಚಿಯವರ ಕೈಯಲ್ಲಿ 360 ರೂಪಾಯಿಗಳ ಮಿಸ್‌ಅಪ್ರೋಪ್ರಿಯೇಷನ್ ಆಗಿದೆ’ ಎಂದು ದುಂಡಗೆ ಬರೆದು ಸಹಿ ಮಾಡಿ, ಒಂದು ಪ್ರತಿಯನ್ನು ಸಮಾಜದ ಬೋರ್ಡಿಗೂ ಅಂಟಿಸಿದೆ.

ಆಕೆಯ ಮಗ ಪಿ.ಯು.ಸಿ. ಓದುತ್ತಿದ್ದ. ಅವನು ಬೋರ್ಡು ಓದಿ ತಾಯಿಗೆ ಅರ್ಥ ಹೇಳಿದ. ಮಾರನೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಆಕೆ ನಮ್ಮ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಸೆರಗಿನ ಗಂಟು ಬಿಚ್ಚಿ, ಮಡಿಸಿ ಮಡಿಸಿ ಮೆತ್ತಗಾದ ನೋಟುಗಳನ್ನು ಕಟ್ಟೆಯ ಮೇಲೆ ಇಟ್ಟರು. 360 ರೂಪಾಯಿ. ಹಪ್ಪಳದ ದುಡ್ಡು.

“ತಗೊಳ್ಳಿ ಅಕ್ಕ” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು: “ಕನ್ನಡದಲ್ಲಿ ಕಳ್ಳಿ ಅಂತ ಬರೆಯೋಕೆ ನಿಮ್ಮ ಕೈ ಬರ್ತಿರ್ಲಿಲ್ಲ.”

ಅಷ್ಟೇ. ಹೊರಟುಹೋದರು.

ನಾನು ಡಿಕ್ಷನರಿ ತೆಗೆದು ನೋಡಿದೆ. ತನ್ನ ವಶಕ್ಕೆ ಬಂದ ಪರರ ಹಣವನ್ನು ಅಪ್ರಾಮಾಣಿಕವಾಗಿ ತನ್ನದಾಗಿ ಮಾಡಿಕೊಳ್ಳುವುದು. ನಾನು ಬೇರು ಬಿಡಿಸಿದ್ದೆನಾದರೂ ಅರ್ಧಕ್ಕೇ ನಿಲ್ಲಿಸಿದ್ದೆ. ಆ ಪದದ ಬುಡದಲ್ಲಿರುವುದು ಲ್ಯಾಟಿನ್ನಿನ ‘ಪ್ರೋಪ್ರಿಯುಸ್’, ಅಂದರೆ ‘ಸ್ವಂತ’. ತಪ್ಪಾಗಿ ಸ್ವಂತ ಮಾಡಿಕೊಳ್ಳುವುದು ಎಂದು ಅದರ ಮೂಲಾರ್ಥ. ಹಾಗೆ ನೋಡಿದರೆ ಆ ಕೆಲಸ ಮಾಡಿದ್ದು ಆಕೆಯಲ್ಲ, ನಾನು. ನನ್ನದಲ್ಲದ ಪದವೊಂದನ್ನು ತಪ್ಪಾಗಿ ಸ್ವಂತ ಮಾಡಿಕೊಂಡು, ಅದರ ಖರ್ಚನ್ನು ಮತ್ತೊಬ್ಬರ ತಲೆಗೆ ಕಟ್ಟಿದ್ದೆ.

ಅಂದು ರಾತ್ರಿ ಇವರಿಗೆ ಹೇಳಿದೆ. ಇವರು ಬೈಯಲಿಲ್ಲ. “ಕೊರತೆ ಎಷ್ಟು?” ಎಂದು ಮಾತ್ರ ಕೇಳಿ, “ಒಂಬತ್ತರಿಂದ ಶೇಷವಿಲ್ಲದೆ ಭಾಗ ಹೋಗುತ್ತೆ. ಎಲ್ಲೋ ಅಂಕಿ ಅದಲುಬದಲಾಗಿದೆ, ಚೀಟಿ ತಾ” ಎಂದರು. ಬ್ಯಾಂಕಿನಲ್ಲಿ ಲೆಕ್ಕ ಹುಡುಕುವ ಹಳೆಯ ಉಪಾಯವಂತೆ. ಪಕ್ಕಪಕ್ಕದ ಎರಡು ಅಂಕಿಗಳು ಜಾಗ ಬದಲಿಸಿದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಒಂದೊಂದೇ ಚೀಟಿ ನೋಡುತ್ತಾ ಹೋದೆವು. ಮೂರನೆಯ ದಿನದ ಮಾರಾಟ 1590. ಪುಸ್ತಕದಲ್ಲಿ, ನನ್ನ ದುಂಡು ಅಕ್ಷರದಲ್ಲಿ, 1950.

ಮರುದಿನ ಹಣ ಹಿಂದಿರುಗಿಸಿ ಕ್ಷಮೆ ಕೇಳಿದೆ. ಬೋರ್ಡಿನ ಮೇಲೆ ಕನ್ನಡದಲ್ಲಿ, ತಪ್ಪು ನನ್ನದೆಂದು ಬರೆದು ಅಂಟಿಸಿದೆ. ಆಕೆ ಹಣ ತೆಗೆದುಕೊಂಡರು, ಕಾಫಿ ಕೊಟ್ಟರು. ಆದರೆ ಖಜಾಂಚಿ ಕೆಲಸಕ್ಕೆ ಮತ್ತೆ ಬರಲಿಲ್ಲ. ಇಂದಿಗೂ ಬೇಸಿಗೆಯಲ್ಲಿ ನಮ್ಮ ಮನೆಗೆ ಅವರದೇ ಹಪ್ಪಳ ಬರುತ್ತದೆ, ಇಂದಿಗೂ ನಾನು ಅವರಿಗೆ ಅಕ್ಕನೇ. ಆ ವಿಷಯ ಮಾತ್ರ ನಮ್ಮಿಬ್ಬರ ನಡುವೆ ಇನ್ನೊಮ್ಮೆ ಬಂದಿಲ್ಲ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತಾರಲ್ಲ. ಬರೆದದ್ದು ಇನ್ನೂ ಗಟ್ಟಿ.

ಪದದ ಅರ್ಥ ನನಗೆ ತಿಳಿದಿರಲಿಲ್ಲ, ಆದ್ದರಿಂದ ತಪ್ಪಾಯಿತು ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ನಾಲ್ಕು ಜನರ ಮುಂದೆ ಹಾಗೆಯೇ ಹೇಳಿದೆ ಕೂಡ. ಆದರೆ ಅದು ಅರ್ಧ ಸತ್ಯ. ಆ ಪದ ತೂಕದ್ದೆಂದು ನನಗೆ ಗೊತ್ತಿತ್ತು. ತೂಕ ಎಷ್ಟೆಂದು ಗೊತ್ತಿರಲಿಲ್ಲ, ತೂಕವಿದೆಯೆಂಬುದು ಗೊತ್ತಿತ್ತು. ಆ ತೂಕವೇ ನನಗೆ ಬೇಕಾಗಿತ್ತು. “ಬಂದದ್ದೂ ಅಷ್ಟೇ” ಎಂದು ಆಕೆ ಒಂದೇ ಮಾತಿನಲ್ಲಿ ಹೇಳಿದಾಗ ನನಗೆ ಒಳಗೆಲ್ಲೋ ಚುಚ್ಚಿತ್ತು. ಓದಿದವಳ ಲೆಕ್ಕವನ್ನು ಓದದವಳು ಅಲ್ಲಗಳೆಯುವುದೇ ಎಂದು. ಕನ್ನಡದಲ್ಲಿ ಆ ಸಿಟ್ಟನ್ನು ಬರೆಯಹೊರಟಿದ್ದರೆ ಕೈ ತಡೆಯುತ್ತಿತ್ತು. ‘ಕಳ್ಳಿ’ ಎಂಬ ಪದದ ಸುತ್ತ ನನಗೆ ಎಷ್ಟೊಂದು ನೆನಪುಗಳಿವೆ. ಹಿಂದೆ ನಮ್ಮ ಬೀದಿಯಲ್ಲಿ ಆ ಮಾತು ಕೇಳಿದ ಕೆಲಸದ ಹುಡುಗಿಯೊಬ್ಬಳ ಮುಖವಿದೆ, ಅವಳ ತಾಯಿಯ ಅಳುವಿದೆ. ಆ ಇಂಗ್ಲಿಷ್ ಪದದ ಸುತ್ತ ಯಾರ ಮುಖವೂ ಇರಲಿಲ್ಲ. ಅದು ಹೊಸ ಚಾಕುವಿನಂತೆ ಥಳಥಳ ಹೊಳೆಯುತ್ತಿತ್ತು, ಅಷ್ಟೆ.

ಆಕೆ ಅಂದು ಬಾಗಿಲಲ್ಲಿ ನಿಂತು ಹೇಳಿದ ಮಾತನ್ನು ಎಷ್ಟೋ ವರ್ಷಗಳ ಮೇಲೆ ವಿದ್ವಾಂಸರು ಪರೀಕ್ಷೆ ಮಾಡಿ ನೋಡಿದ್ದಾರೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಕೋಸ್ಟಾ ಮತ್ತು ಅವರ ಜೊತೆಗಾರರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಐದು ಜನರ ಪ್ರಾಣ ಉಳಿಸಲು ಒಬ್ಬನನ್ನು ಸೇತುವೆಯಿಂದ ತಳ್ಳುತ್ತೀರಾ ಎಂದು ಜನರನ್ನು ಕೇಳಿದರು. ಪ್ರಶ್ನೆಯನ್ನು ತಾಯ್ನುಡಿಯಲ್ಲಿ ಕೇಳಿದಾಗ ತಳ್ಳುತ್ತೇವೆ ಎಂದವರಿಗಿಂತ, ಕಲಿತ ಭಾಷೆಯಲ್ಲಿ ಕೇಳಿದಾಗ ಹಾಗೆಂದವರು ಹೆಚ್ಚು. ಕಲಿತ ಭಾಷೆಯಲ್ಲಿ ಮಾತು ಎದೆಗೆ ಅಷ್ಟಾಗಿ ತಾಕುವುದಿಲ್ಲ ಎಂಬುದು ಅವರು ಕೊಡುವ ಒಂದು ಕಾರಣ. ಹಪ್ಪಳ ಮಾರುವಾಕೆಗೆ ಅದು ಯಾವ ಪ್ರಯೋಗವೂ ಇಲ್ಲದೆ ತಿಳಿದಿತ್ತು.

ನಮ್ಮ ಹಿಂದಿನವರಿಗೂ ತಿಳಿದಿತ್ತು ಎನಿಸುತ್ತದೆ. ಮಗು ಮಾತು ಕಲಿಯುವುದು ಹೇಗೆ ಎಂಬ ಬಗ್ಗೆ ಮೀಮಾಂಸಕರು ದೊಡ್ಡ ಚರ್ಚೆ ಮಾಡಿದ್ದಾರೆ. ಅವರ ಉದಾಹರಣೆ ಬಹಳ ಸರಳ. ಹಿರಿಯರೊಬ್ಬರು ಕಿರಿಯನಿಗೆ ‘ಹಸುವನ್ನು ತಾ’ ಎನ್ನುತ್ತಾರೆ, ಅವನು ಹಸುವನ್ನು ತರುತ್ತಾನೆ. ‘ಕುದುರೆಯನ್ನು ತಾ’ ಎಂದಾಗ ಕುದುರೆಯನ್ನು ತರುತ್ತಾನೆ. ಪಕ್ಕದಲ್ಲಿ ಕೂತ ಮಗು ಇದನ್ನೆಲ್ಲ ನೋಡುತ್ತಾ ಯಾವುದು ಹಸು, ಯಾವುದು ತರುವುದು ಎಂದು ತಿಳಿಯುತ್ತದೆ. ಪ್ರಭಾಕರನ ಪಂಥದವರು ಇದರಿಂದ, ಪದದ ಅರ್ಥ ಒಂಟಿಯಾಗಿ ದಕ್ಕುವುದೇ ಇಲ್ಲ, ವಾಕ್ಯದೊಳಗಿನ ಸಂಬಂಧದಲ್ಲೇ ದಕ್ಕುತ್ತದೆ ಎಂದು ವಾದಿಸಿದರು. ಭರ್ತೃಹರಿ ಇನ್ನೂ ಮುಂದೆ ಹೋಗಿ, ವಾಕ್ಯವೇ ಅಖಂಡ, ಪದಗಳು ನಾವು ಅದರಿಂದ ಬಿಡಿಸಿಕೊಂಡ ತುಂಡುಗಳು ಎಂದ. ಈ ಶಾಸ್ತ್ರದ ಆಳ ನನಗೆ ಗೊತ್ತೆಂದು ಹೇಳಿಕೊಳ್ಳಲಾರೆ. ಹಾಗೆ ಹೇಳಿದರೆ ಮತ್ತೆ ಹಳೆಯ ತಪ್ಪೇ ಆದೀತು. ಆದರೆ ಆ ಹಸುವಿನ ಉದಾಹರಣೆಯಲ್ಲಿ ನನಗೆ ಕಂಡದ್ದು ಇಷ್ಟು: ಅಲ್ಲಿ ಮಾತಿನ ಹಿಂದೆ ಒಂದು ಕೆಲಸವಿದೆ. ಹಸು ನಿಜವಾಗಿ ಬಂದು ಅಂಗಳದಲ್ಲಿ ನಿಲ್ಲುತ್ತದೆ. ಕನ್ನಡದ ಪದಗಳನ್ನು ನಾವು ಕಲಿತದ್ದು ಹಾಗೆ. ಪುಸ್ತಕದಿಂದ ಕಲಿತ ಪದಕ್ಕೆ ಅಂಗಳವೂ ಇಲ್ಲ, ಹಸುವೂ ಇಲ್ಲ. ಅವೆರಡನ್ನೂ ನಾವೇ ಒದಗಿಸಬೇಕು.

ನಿಘಂಟು ಮಾಡಿದವರೂ ಇದನ್ನು ಬಲ್ಲರು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟನ್ನು ಹೊರತಂದಾಗ ಬರಿಯ ಅರ್ಥ ಬರೆದು ಬಿಡಲಿಲ್ಲ, ಲೇಖಕರು ಆ ಪದವನ್ನು ಬಳಸಿದ ವಾಕ್ಯಗಳನ್ನೂ ಸಾವಿರ ಸಾವಿರ ಸಂಖ್ಯೆಯಲ್ಲಿ ಜೋಡಿಸಿದ. ಮುಂದೆ ಆಕ್ಸ್‌ಫರ್ಡ್ ನಿಘಂಟಿಗಾಗಿ ಊರೂರಿನ ಓದುಗರು ಚೀಟಿಗಳ ಮೇಲೆ ವಾಕ್ಯಗಳನ್ನು ಬರೆದು ಕಳಿಸಿದರು. ಅವರಲ್ಲಿ ಹೆಂಗಸರೂ ಬಹಳ ಮಂದಿ. ಸಂಪಾದಕ ಜೇಮ್ಸ್ ಮರ್ರೆಯ ಮಕ್ಕಳು ಪುಡಿಗಾಸಿನ ಆಸೆಗೆ ಆ ಚೀಟಿಗಳನ್ನು ವಿಂಗಡಿಸುತ್ತಿದ್ದರು. ಮೊದಲ ಆವೃತ್ತಿ ಪೂರ್ತಿಯಾದದ್ದು 1928ರಲ್ಲಿ. ನಮ್ಮ ಕಿಟ್ಟೆಲ್ ಸಾಹೇಬರ 1894ರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಗಾದೆಗಳು ಬೇಕಾದಷ್ಟಿವೆ. ಎಂದರೆ, ಇವರೆಲ್ಲ ಪದದ ಅರ್ಥವನ್ನು ಜನ ಬಾಳಿದ ವಾಕ್ಯಗಳಿಂದ ಹೆಕ್ಕಿದರು. ನಾವು ಅದನ್ನೇ ತಿರುಗಿಸಿ, ನಿಘಂಟಿನಿಂದ ಪದ ಹೆಕ್ಕಿ ವಾಕ್ಯಕ್ಕೆ ತುರುಕುತ್ತೇವೆ.

ಮಗಳು 1999ರಲ್ಲಿ ಅಮೆರಿಕೆಯ ಓದಿಗಾಗಿ ಜಿ.ಆರ್.ಇ. ಪರೀಕ್ಷೆ ಕಟ್ಟಿದಳು. ಆ ಡಿಫಿಡೆಂಟ್ ಹುಡುಗಿಯೇ! ಮೂರೂವರೆ ಸಾವಿರ ಪದಗಳ ಪಟ್ಟಿಯನ್ನು ಗಟ್ಟಿ ಮಾಡುತ್ತಿದ್ದಳು. ನಾನು ರೊಟ್ಟಿ ತಟ್ಟುತ್ತಾ ಪದ ಹೇಳುವುದು, ಅವಳು ವಿರುದ್ಧ ಪದ ಒಪ್ಪಿಸುವುದು. ಆಗಿನ ಪರೀಕ್ಷೆಯಲ್ಲಿ ಬಿಡಿ ಪದ ಕೊಟ್ಟು ವಿರುದ್ಧಾರ್ಥ ಕೇಳುತ್ತಿದ್ದರು. 2011ರಲ್ಲಿ ಆ ಭಾಗವನ್ನೇ ಕಿತ್ತುಹಾಕಿ, ವಾಕ್ಯದ ಒಳಗೆ ಪದ ಕೂರಿಸುವ ಪ್ರಶ್ನೆಗಳಿಗೆ ಹೆಚ್ಚು ಜಾಗ ಕೊಟ್ಟರು. ಬಾಯಿಪಾಠದ ಪದಕ್ಕೆ ಬೆಲೆಯಿಲ್ಲವೆಂದು ಪರೀಕ್ಷೆ ಮಾಡುವವರಿಗೂ ಕೊನೆಗೆ ಅನಿಸಿರಬೇಕು.

ಇದನ್ನೆಲ್ಲ ಕೇಳಿ, “ಹಾಗಾದರೆ ಈ ದೊಡ್ಡ ದೊಡ್ಡ ಇಂಗ್ಲಿಷ್ ಪದಗಳ ಗೋಜೇ ಬೇಡ, ನಮ್ಮ ಕನ್ನಡ ನಮಗೆ ಸಾಕು” ಎಂದು ನೀವು ಹೇಳಬಹುದು. ನನ್ನ ಗೆಳತಿಯರು ಹಾಗೆ ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ಪದ ಗೊತ್ತಿಲ್ಲದೆ ಮಗುವಿಗೆ ಮಾಡಿದ ಅನ್ಯಾಯವನ್ನು ನಾನು ಮರೆತಿಲ್ಲ. ಇನ್ನೂ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಬ್ಬ ಗೆಳತಿ ರಾತ್ರಿ ಒಂಬತ್ತು ಗಂಟೆಗೆ ಬಯಾಪ್ಸಿ ವರದಿ ಹಿಡಿದು ಬಂದಳು. ಎದೆಯಲ್ಲಿ ಗಂಟು. ಡಾಕ್ಟರು ಸಿಗುವುದು ಮರುದಿನ. ಮಗ ದೂರದ ಊರಿನಲ್ಲಿ, ಫೋನು ಎತ್ತುತ್ತಿಲ್ಲ. ವರದಿಯ ಕೊನೆಯ ಸಾಲಿನಲ್ಲಿ ‘ಬಿನೈನ್’ ಎಂದಿತ್ತು. ಅವಳು ಅದನ್ನು ಕಾಯಿಲೆಯ ಹೆಸರೆಂದು ತಿಳಿದು ದಾರಿಯುದ್ದಕ್ಕೂ ಅಳುತ್ತಾ ಬಂದಿದ್ದಳು. ಆ ಪದ ನನ್ನ ನೋಟ್‌ಬುಕ್ಕಿನಲ್ಲಿತ್ತು. ಲ್ಯಾಟಿನ್ನಿನಲ್ಲಿ ಅದಕ್ಕೆ ‘ದಯೆಯುಳ್ಳ’ ಎಂದು ಅರ್ಥ. ವೈದ್ಯರ ಬಾಯಲ್ಲಿ ಕ್ಯಾನ್ಸರ್ ಅಲ್ಲದ ಗಡ್ಡೆ. ಈ ಸಲ ನಾನು ಅವಸರ ಮಾಡಲಿಲ್ಲ. ಡಿಕ್ಷನರಿ ತೆಗೆದು, ಎರಡು ಸಲ ಓದಿ, ಅವಳಿಗೂ ತೋರಿಸಿ, ಆಮೇಲೆ ಹೇಳಿದೆ. ‘ನಾಳೆ ಡಾಕ್ಟರ ಬಾಯಿಂದಲೇ ಕೇಳೋಣ, ಆದರೆ ಇವತ್ತು ಊಟ ಮಾಡು’ ಅಂದೆ. ಅವಳು ನಮ್ಮ ಮನೆಯಲ್ಲೇ ಸಾರನ್ನ ಉಂಡು ಮಲಗಿದಳು. ಮಾರನೆಯ ದಿನ ಡಾಕ್ಟರೂ ಅದನ್ನೇ ಹೇಳಿದರು. ಎರಡು ನೋಟ್‌ಬುಕ್ಕುಗಳ ಪದಗಳಲ್ಲಿ ಅದೊಂದೇ ಕೆಲಸಕ್ಕೆ ಬಂದಿದ್ದರೂ ನನ್ನ ಶ್ರಮ ಸಾರ್ಥಕ.

ಆದ್ದರಿಂದ ಕಲಿಯಬೇಕು, ಎಷ್ಟು ಸಾಧ್ಯವೋ ಅಷ್ಟು. ಆದರೆ ಕಲಿತ ಪದವನ್ನು ಆಡುವ ಮೊದಲು ನಾನೀಗ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಇದೇ ಮಾತನ್ನು ಕನ್ನಡದಲ್ಲಿ, ಆ ಮನುಷ್ಯರ ಮುಖ ನೋಡಿ, ನಾನು ಹೇಳಬಲ್ಲೆನೇ? ಹೇಳಬಲ್ಲೆನಾದರೆ ಇಂಗ್ಲಿಷಿನಲ್ಲೂ ಹೇಳಬಹುದು. ನಾಲಿಗೆ ತಡೆದರೆ, ಆ ತಡೆಯಲ್ಲಿ ಏನೋ ವಿವೇಕವಿದೆಯೆಂದು ತಿಳಿದು ಸುಮ್ಮನಾಗುತ್ತೇನೆ. ಯಾರಾದರೂ ನನಗೆ ತಿಳಿಯದ ಪದ ಆಡಿದಾಗ ತಲೆಯಾಡಿಸುವುದಿಲ್ಲ. “ಹಾಗೆಂದರೇನು?” ಎಂದು ಕೇಳುತ್ತೇನೆ. ಈ ವಯಸ್ಸಿನಲ್ಲೂ ಹಾಗೆ ಕೇಳುವಾಗ ಮುಖ ಸ್ವಲ್ಪ ಬಿಸಿಯಾಗುತ್ತದೆ. ಆದರೂ ಕೇಳುತ್ತೇನೆ.

ಮಾರನೆಯ ಸಂಜೆ ಹುಡುಗಿ ಬಂದಾಗ ಹೇಳಿದೆ. “ಹತ್ತು ವಾಕ್ಯ ಹಾಗೇ ಇರಲಿ. ಒಂದನ್ನು ಮಾತ್ರ ನಿಜ ಬರಿ, ನೋಡೋಣ. ಜೆನರಸ್ ಅನ್ನೋದನ್ನ ತಗೋ. ನೀನು ಕಣ್ಣಾರೆ ಕಂಡ ಉದಾರಿ ಯಾರು?”

ಐದು ನಿಮಿಷದಲ್ಲಿ ಹತ್ತು ವಾಕ್ಯ ಮುಗಿಸಿದ ಹುಡುಗಿ ಈ ಒಂದಕ್ಕೆ ಇಪ್ಪತ್ತು ನಿಮಿಷ ಕೂತಳು. ಪೆನ್ಸಿಲ್ ಕಚ್ಚಿದಳು. ಅಪ್ಪ? ಅಲ್ಲ. ಟೀಚರು? ಅಲ್ಲ. ನಾನು? ನನ್ನ ಕಡೆ ಒಮ್ಮೆ ನೋಡಿ, ಪಾಪ, ನಾಚಿಕೊಂಡು, ತಲೆ ತಗ್ಗಿಸಿದಳು. ಕೊನೆಗೆ ಬರೆದಳು: ‘ಅವರ್ ಫ್ಲವರ್ ಆಂಟಿ ಈಸ್ ಜೆನರಸ್. ಶಿ ಮೆಷರ್ ಒನ್ ಹ್ಯಾಂಡ್ ಆ್ಯಂಡ್ ಗಿವ್ ಲಿಟಲ್ ಮೋರ್.’ ದಿನವೂ ಬೆಳಿಗ್ಗೆ ಬುಟ್ಟಿ ಹೊತ್ತು ಬರುವ ಹೂವಿನವಳು. ಮೊಳ ಅಳೆದ ಮೇಲೆ ನಾವು ಕೇಳದಿದ್ದರೂ ನಾಲ್ಕು ಬೆರಳು ಕೊಸರು ಬಿಟ್ಟು ಕತ್ತರಿಸುತ್ತಾಳೆ. ವರ್ಷಗಳಿಂದ ಅವಳ ಹೂವು ಮುಡಿದ ನನಗೆ ಅದು ಹೊಳೆದಿರಲಿಲ್ಲ.

ವಾಕ್ಯದಲ್ಲಿ ಎರಡು ಕಡೆ ವ್ಯಾಕರಣ ತಪ್ಪಿತ್ತು. ಟೀಚರು ತಿದ್ದುತ್ತಾರೆ, ತಿದ್ದಲಿ. ನಾನು ತಿದ್ದಲಿಲ್ಲ.